ಪೆಪ್ಟೈಡ್ ನಾದಿನಿ, ರೆಟಿನಾಲ್ ಅತ್ತಿಗೆ

ಏಣಿ ಹೊತ್ತು ಬಂದ ಕೇಬಲ್ಲಿನವನು ಆ ಒಂದು ಮಾತು ಆಡದೇ ಇದ್ದಿದ್ದರೆ ನಮ್ಮ ಭೂಗೋಳದ ಮೇಡಂ ಅವರ ಮುಖ ಎಲ್ಲರ ಮುಖದಂತೆ ತನ್ನ ಪಾಡಿಗೆ ತಾನು ಹಳೆಯದಾಗುತ್ತಿತ್ತು.

ಅವನೇನೂ ಕೆಟ್ಟವನಲ್ಲ. ಮಹಡಿ ಕೋಣೆಗೆ ತಂತಿ ಎಳೆಯಬೇಕಿತ್ತು. ಕಿಟಕಿಗೆ ಒಳಗಿನಿಂದ ಚಿಲಕ ಹಾಕಿತ್ತು. ಗಾಜಿನ ಹಿಂದೆ ಯಾರೋ ಹೆಣ್ಣುಮಗಳು ಏನೋ ಗುನುಗುತ್ತ ತಲೆ ಒರೆಸಿಕೊಳ್ಳುತ್ತಿದ್ದಳು. ಕೆಳಗೆ ಬಟ್ಟೆ ಒಣಹಾಕುತ್ತಿದ್ದ ಮೇಡಂ ಕಡೆ ತಿರುಗಿ ಅವನು ಬಹಳ ಮರ್ಯಾದೆಯಿಂದ, "ಅಮ್ಮಾ, ನಿಮ್ಮ ಸೊಸೆಗೆ ಒಂಚೂರು ಆ ಕಿಟಕಿ ತೆಗೆಯೋಕೆ ಹೇಳ್ತೀರಾ?" ಎಂದ.

ಮೇಡಂ ಅವರಿಗೆ ಸೊಸೆಯಿಲ್ಲ. ಸೊಸೆ ತರಲು ಮಗನೂ ಇಲ್ಲ. ಇರುವವಳು ಒಬ್ಬಳೇ ಮಗಳು, ಅವಳೂ ಓದಲು ಬೇರೆ ಊರು ಸೇರಿದ್ದಾಳೆ. ಮಹಡಿಯಲ್ಲಿ ತಲೆ ಒರೆಸಿಕೊಳ್ಳುತ್ತಿದ್ದವಳು ನಾದಿನಿ, ಯಜಮಾನರ ಒಡಹುಟ್ಟಿದ ತಂಗಿ. ತಂಗಿ ಅಂದಮೇಲೆ ಚಿಕ್ಕವಳಿರಬೇಕು ಬಿಡಿ ಎಂದು ನೀವು ಸಮಾಧಾನ ಹೇಳಬಹುದು. ದಯವಿಟ್ಟು ಹೇಳಬೇಡಿ. ನಾದಿನಿ ಮೇಡಂಗಿಂತ ಕೆಲವು ತಿಂಗಳು ದೊಡ್ಡವಳು! ಇಬ್ಬರದೂ ಒಂದೇ ಶಾಲೆ, ಒಂದೇ ತರಗತಿ, ಒಂದೇ ಬೆಂಚು. "ಹೋಗೇ, ಬಾರೇ" ಎಂದು ಜಡೆ ಎಳೆದಾಡಿಕೊಂಡು ಬೆಳೆದವರು. ಒಂದು ದಿನ ಕಂಪಾಸು ಪೆಟ್ಟಿಗೆ ಸಾಲ ಕೇಳಲು ಗೆಳತಿಯ ಮನೆಗೆ ಹೋದ ನಮ್ಮ ಮೇಡಂ ಅಲ್ಲಿ ಗೆಳತಿಯ ಅಣ್ಣನನ್ನು ನೋಡಿದರು. (ಕಂಪಾಸು ಪೆಟ್ಟಿಗೆ ವಾಪಸು ಹೋಯಿತು. ಅಣ್ಣ ಹೋಗಲಿಲ್ಲ.) ಮುಂದೆ ಮದುವೆಯಾಯಿತು. ಮರುದಿನ ಬೆಳಿಗ್ಗೆ ಅದೇ ಗೆಳತಿ ಬಾಗಿಲಲ್ಲಿ ನಿಂತು ಕಣ್ಣು ಮಿಟುಕಿಸಿ, "ಅತ್ತಿಗೆಯವರೇ, ಚಹಾ ತಗೋತೀರಾ?" ಎಂದಳು. ತಮಾಷೆಗೆ ಶುರುವಾದ ಆ ಬಹುವಚನ ಮತ್ತೆ ಇಳಿಯಲೇ ಇಲ್ಲ. ಮೇಡಂ ಅವತ್ತೇ ಒಂದೇ ಏಟಿಗೆ ಹತ್ತು ವರ್ಷ ದೊಡ್ಡವರಾದರು.

(ನೋಡಿ, ಕಥೆ ಹೇಳುವ ನಾನೂ ನಾದಿನಿಯನ್ನು "ಬಂದಳು, ಹೋದಳು" ಎನ್ನುತ್ತಿದ್ದೇನೆ, ಮೇಡಂ ಅವರನ್ನು "ಬಂದರು, ಹೋದರು" ಎನ್ನುತ್ತಿದ್ದೇನೆ. ಹುಟ್ಟಿದ ತಾರೀಖು ನೋಡಿದರೆ ಅದಲುಬದಲಾಗಬೇಕು. ಆದರೆ ಆ ಮುಖ ಎದುರಿಗಿದ್ದರೆ ನಾಲಿಗೆ ಹಾಗೇ ತಿರುಗುತ್ತದೆ, ಏನು ಮಾಡಲಿ?)

ನಾದಿನಿ ದೊಡ್ಡ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ಹಡಗಿನ ಇಂಜಿನಿಯರು, ವರ್ಷದ ಮುಕ್ಕಾಲು ಭಾಗ ನೀರಿನ ಮೇಲೆ. ಅವಳ ಮನೆಯ ಬಚ್ಚಲಿನ ನೆಲ ಅಗೆದು ಹಾಕಿದ್ದರಿಂದ ರಿಪೇರಿ ಮುಗಿಯುವತನಕ ಅಣ್ಣನ ಮನೆಯ ಮಹಡಿಗೆ ಬಂದಿದ್ದಳು. ಅಣ್ಣನಿಗೆ ಅವಳು ಈಗಲೂ "ಪುಟ್ಟಿ". ಐವತ್ತು ದಾಟಿದವಳು ಪುಟ್ಟಿ! ಮೇಡಂ ಅವರನ್ನು ಅದೇ ಬಾಯಿ "ಏಯ್" ಎಂದು ಕರೆಯುತ್ತದೆ, ಉದಾರ ಮನಸ್ಸಿದ್ದ ದಿನ "ಇವಳೇ" ಎನ್ನುತ್ತದೆ.

ಅವತ್ತು ಊಟದ ಹೊತ್ತಿಗೆ ಪುಟ್ಟಿ ಆ ಸುದ್ದಿಯನ್ನು ಮೇಜಿನ ಮೇಲೆ ಬಡಿಸಿಯೇಬಿಟ್ಟಳು.

"ಅಣ್ಣಾ, ಕೇಬಲ್ಲಿನವನು ನನ್ನನ್ನ ಅತ್ತಿಗೆಯ ಸೊಸೆ ಅಂದ್ಕೊಂಡಿದ್ದಾನೆ! ನಗು ತಡೆಯೋಕೇ ಆಗಲಿಲ್ಲ."

"ಅವನಿಗೆ ಬಿಸಿಲು ಕಣ್ಣಿಗೆ ಹೊಡೀತಿತ್ತು," ಎಂದರು ಮೇಡಂ, ತಟ್ಟೆಯಿಂದ ತಲೆ ಎತ್ತದೆ.

ಯಜಮಾನರಿಗೆ ಟೈರಿನ ಅಂಗಡಿ. ಹಗಲೆಲ್ಲ ಗಾಳಿ ತುಂಬಿ ತುಂಬಿ, ಎಲ್ಲಿ ಎಷ್ಟು ತುಂಬಬೇಕು ಎನ್ನುವ ಅಂದಾಜು ಮನೆಗೆ ಬರುವ ಹೊತ್ತಿಗೆ ತಪ್ಪಿರುತ್ತದೆ. "ಅವನದೇನು ತಪ್ಪು? ಪುಟ್ಟಿ ಸ್ಕೂಲಲ್ಲಿ ಹೇಗಿದ್ಲೋ ಹಾಗೇ ಇದ್ದಾಳೆ," ಎಂದುಬಿಟ್ಟರು.

"ಮತ್ತೆ ನಾನು?"

ಸಂಸಾರಸ್ಥ ಗಂಡಸಿಗೆ ಅಪಾಯದ ವಾಸನೆ ಬೇಗ ಹತ್ತುತ್ತದೆ. ಆದರೆ ಆ ಹೊತ್ತಿಗೆ ಬಾಯಿ ತೆರೆದಾಗಿತ್ತು. "ನೀನೂ ಹಾಗೇ... ನೀನೂ ಇನ್ನೂ ಸ್ಕೂಲಲ್ಲೇ ಇದ್ದೀಯಲ್ಲ," ಎಂದರು.

ನಾದಿನಿ ಕೆಮ್ಮುವಂತೆ ನಕ್ಕಳು. ಮೇಡಂ ನೀರು ಕುಡಿದರು.

ಊಟವಾದ ಮೇಲೆ ಮೇಡಂ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಸ್ವಂತ ಮುಖದ ಸರ್ವೇಕ್ಷಣೆ ಕೈಗೊಂಡರು. ಹಣೆಯ ಮೇಲೆ ಮೂರು ಅಕ್ಷಾಂಶ ರೇಖೆಗಳು ಸ್ಪಷ್ಟವಾಗಿ ಮೂಡಿದ್ದವು. ಹುಬ್ಬುಗಳ ನಡುವೆ ಜೋಡಿ ರೇಖಾಂಶ. ಮೂಗಿನ ಬುಡದಿಂದ ಬಾಯಿಯ ಅಂಚಿನವರೆಗೆ ಆಚೆಗೊಂದು ಈಚೆಗೊಂದು ನದೀಕಣಿವೆ. ಕಣ್ಣಿನ ತುದಿಯಲ್ಲಿ ಗೆರೆಗಳು ಕವಲೊಡೆದು ಹರಡಿದ್ದವು, ನದಿ ಸಮುದ್ರ ಸೇರುವ ಕಡೆ ಹರಡುತ್ತದಲ್ಲ, ಹಾಗೆ. ಅದಕ್ಕೆ ಪುಸ್ತಕದಲ್ಲಿ ಮುಖಜಭೂಮಿ ಎನ್ನುತ್ತಾರೆ. ಇಷ್ಟು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಆ ಪದ ಕೊನೆಗೂ ಅವರ ಮುಖದಲ್ಲೇ ಜನಿಸಿತ್ತು.

ಆಗಲೇ ಕಪಾಟಿನ ಮೇಲಿದ್ದ ಚಿಕ್ಕ ಬಿಳಿ ಡಬ್ಬಿ ಅವರ ಕಣ್ಣಿಗೆ ಬಿದ್ದದ್ದು. ನಾದಿನಿಯದು.

ಮರುದಿನ ಬೆಳಿಗ್ಗೆ ಮೇಡಂ ಏನೂ ಅರಿಯದವರಂತೆ ಕೇಳಿದರು. "ಅದೇನೇ ಅದು, ಕಪಾಟಿನಲ್ಲಿ? ಹಲ್ಲಿಗೆ ಹಚ್ಚೋದಾ?"

"ಅಯ್ಯೋ ಅಲ್ಲ ಅತ್ತಿಗೆ, ಅದು ಪೆಪ್ಟೈಡ್ ಕ್ರೀಮು. ನಮ್ಮ ಚರ್ಮ ಬಿಗಿಯಾಗಿರೋದು ಕೊಲಾಜನ್ ಇದ್ರೆ ತಾನೇ? ವಯಸ್ಸಾದ ಹಾಗೆ ಅದನ್ನ ತಯಾರು ಮಾಡೋದು ಚರ್ಮಕ್ಕೆ ಮರೆತುಹೋಗುತ್ತೆ. ಪೆಪ್ಟೈಡ್ ಹೋಗಿ ಮೆಲ್ಲಗೆ ನೆನಪು ಮಾಡುತ್ತೆ. ನಿಧಾನವೇ, ಆದ್ರೆ ಉರಿ ಇಲ್ಲ, ತುರಿಕೆ ಇಲ್ಲ. ನೀವೂ ಹಚ್ಚಿಕೊಳ್ಳಿ, ಡಬ್ಬಿ ಅಲ್ಲೇ ಇರುತ್ತಲ್ಲ."

ಪತ್ರಿಕೆ ಓದುತ್ತಿದ್ದ ಯಜಮಾನರು, "ಪೆಪ್ಪರ್‌ಮೆಂಟಾ?" ಎಂದರು.

ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ತೆಗೆದುಕೊಂಡಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಸೂಯೆಗೆ ಅದರದ್ದೇ ಒಂದು ಲೆಕ್ಕಾಚಾರ ಇದೆ. ನಾದಿನಿ ಹಚ್ಚಿದ್ದನ್ನೇ ತಾವೂ ಹಚ್ಚಿದರೆ ಅವಳ ಹಿಂದೆ ಹಿಂದೆಯೇ ಓಡಬೇಕು. ಅವಳನ್ನು ದಾಟಿ ಹೋಗಬೇಕೆಂದರೆ ಬೇರೆ ದಾರಿಯೇ ಬೇಕು. ಅದೂ ಬೇಗ ಬೇಕು. ಯಾಕೆಂದರೆ ಅವರಿಬ್ಬರೂ ಓದಿದ ಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟ ಮುಂದಿನ ತಿಂಗಳಿಗೇ ನಿಗದಿಯಾಗಿತ್ತು. ಇಡೀ ತರಗತಿ ಬರುತ್ತದೆ, ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಅದರಲ್ಲಿ ತಾವೂ ನಾದಿನಿಯೂ ಮತ್ತೆ ಅಕ್ಕಪಕ್ಕ! ಆ ಫೋಟೋ ಎಷ್ಟು ಜನರ ಫೋನಿನಲ್ಲಿ ಎಷ್ಟು ದೊಡ್ಡದಾಗಿ ಹಿಗ್ಗಿಸಲ್ಪಡುತ್ತದೆ ಎನ್ನುವುದನ್ನು ನೆನೆದೇ ಮೇಡಂಗೆ ಬೆವರು ಬಂತು.

ಶಾಲೆಯಿಂದ ಬರುವಾಗ ಅವರು ಔಷಧಿ ಅಂಗಡಿಗೆ ಹೊಕ್ಕರು. ಅಲ್ಲಿದ್ದ ಹುಡುಗಿ ಅವರನ್ನು ಕಂಡ ತಕ್ಷಣ ಎದ್ದು ನಿಂತಳು. ಅವರ ಹಳೆಯ ವಿದ್ಯಾರ್ಥಿನಿ.

"ಪೆಪ್ಟೈಡ್‌ಗಿಂತ ಜೋರಾದ್ದು ಏನಿದೆ?" ಎಂದರು ಮೇಡಂ, ಚಾಕು ಚೂರಿ ಕೊಳ್ಳಲು ಬಂದವರ ಧ್ವನಿಯಲ್ಲಿ.

"ರೆಟಿನಾಲ್ ಇದೆ ಮೇಡಂ. ವಿಟಮಿನ್ ಎ ಕಡೆಯದು. ಹಳೇ ಚರ್ಮ ಬೇಗ ಉದುರಿಸಿ ಹೊಸದು ಬರೋ ಹಾಗೆ ಮಾಡುತ್ತೆ, ಗೆರೆನೂ ಕಮ್ಮಿ ಆಗುತ್ತೆ. ಆದ್ರೆ ಎಲ್ಲರ ಚರ್ಮಕ್ಕೂ ಒಗ್ಗಲ್ಲ. ಮೊದಮೊದಲು ವಾರಕ್ಕೆ ಎರಡೇ ಸಲ, ಬಟಾಣಿ ಕಾಳಿನಷ್ಟು, ಮಲಗೋ ಮುಂಚೆ. ಹಗಲು ಸನ್‌ಸ್ಕ್ರೀನ್ ಇಲ್ಲದೆ ಹೊರಗೆ ಹೋಗಲೇಬೇಡಿ. ಮೂರು ತಿಂಗಳಾದ್ರೂ ಹಚ್ಚಬೇಕು."

"ಮೂರು ತಿಂಗಳು?"

"ಅಷ್ಟಂತೂ ಬೇಕು ಮೇಡಂ. ನಿಮ್ಮದು ಒಣ ಚರ್ಮದ ಹಾಗಿದೆ. ನನ್ನ ಕೇಳಿದ್ರೆ ಪೆಪ್ಟೈಡೇ..."

"ನಿನಗೆ ಭೂಗೋಳದಲ್ಲಿ ಎಷ್ಟು ಬರ್ತಿತ್ತು?" ಎಂದರು ಮೇಡಂ.

ಹುಡುಗಿ ತೆಪ್ಪಗೆ ರೆಟಿನಾಲ್ ಕಟ್ಟಿಕೊಟ್ಟಳು.

ಮೊದಲ ರಾತ್ರಿ ಬಟಾಣಿ ಕಾಳಿನಷ್ಟೇ ಹಚ್ಚಿದರು. ಬೆಳಿಗ್ಗೆ ಎದ್ದು ನೋಡಿದರೆ ಮುಖ ಹಾಗೇ ಇತ್ತು. ಎದುರಿಗೆ ನಾದಿನಿ ಚಹಾ ಹೀರುತ್ತ ಕೂತಿದ್ದಳು. ಬೆಳಗಿನ ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದು, ಅಲ್ಲಿಂದ ಜಾರಿ, ಹಿಡಿದು ನಿಲ್ಲಲು ಒಂದು ಗೆರೆಯೂ ಸಿಗದೆ ನೆಲಕ್ಕೆ ಬಿತ್ತು. ಸುಕ್ಕಿಲ್ಲದ ಮುಖಕ್ಕೆ ಎಷ್ಟು ಸೊಕ್ಕು ಎಂದುಕೊಂಡರು ಮೇಡಂ. ಅವತ್ತಿನಿಂದ ಬಟಾಣಿ ಕಾಳು ದಿನಕ್ಕೊಂದಾಯಿತು. ಆಮೇಲೆ ಕಾಳು ಹೋಗಿ ಬಟಾಣಿಯ ಸಿಪ್ಪೆಯ ಉದ್ದಕ್ಕೆ ಬಂತು. ವಾರ ಕಳೆಯುವ ಹೊತ್ತಿಗೆ ಗೋಡೆಗೆ ಸುಣ್ಣ ಬಳಿಯುವ ಧಾರಾಳ ಕೈಗೆ ಬಂದಿತ್ತು.

ರೆಟಿನಾಲ್ ತನ್ನ ಮಾತು ಉಳಿಸಿಕೊಂಡಿತು. ಹಳೆಯ ಚರ್ಮ ಉದುರತೊಡಗಿತು. ಹೊಸದು ಮಾತ್ರ ಬರುವುದೋ ಬೇಡವೋ ಎಂದು ಒಳಗೇ ಯೋಚಿಸುತ್ತ ಕೂತಿತ್ತು. ಕೆನ್ನೆ ಎರಡೂ ಕೆಂಪಾದವು. ಬಾಯಿಯ ಸುತ್ತ ಬಿಳಿ ಹೊಟ್ಟು ಎದ್ದಿತು. ನಕ್ಕರೆ ಉರಿ, ಸಿಟ್ಟು ಬಂದರೆ ಇನ್ನೂ ಉರಿ. (ಹೊಟ್ಟೆಯ ಉರಿ ಮುಖಕ್ಕೆ ಏರಿತು ಎಂದು ಯಾರಾದರೂ ಹೇಳಿದ್ದರೆ ಅದು ಬೈಗುಳವಲ್ಲ, ವರದಿ.)

"ಏಯ್, ಮುಖಕ್ಕೇನಾಯ್ತು?" ಎಂದರು ಯಜಮಾನರು.

"ಚಿಕಿತ್ಸೆ. ಹಳೇ ಪದರ ಹೋಗಿ ಹೊಸ ಪದರ ಬರುತ್ತೆ."

ಯಜಮಾನರ ಮುಖ ಅರಳಿತು. ಹೆಂಡತಿ ಕೊನೆಗೂ ತಮಗೆ ಗೊತ್ತಿರುವ ವಿಷಯಕ್ಕೆ ಬಂದಿದ್ದಳು. "ಓ, ರೀಟ್ರೆಡಿಂಗ್! ಮೇಲಿನ ಸವೆದ ರಬ್ಬರು ಕೆರೆದು ತೆಗೆದು ಹೊಸದು ಕೂರಿಸೋದು. ನಾವು ದಿನಾ ಮಾಡ್ತೀವಲ್ಲ! ಆದ್ರೆ ಒಂದು ಮಾತು. ಒಳಗಿನ ಟೈರು ಗಟ್ಟಿ ಇದ್ರೆ ಮಾತ್ರ ನಾವು ಕೈ ಹಾಕೋದು. ಇಲ್ಲದಿದ್ರೆ ಗಿರಾಕಿಗೆ ಮೊದಲೇ ಹೇಳಿಬಿಡ್ತೀವಿ."

"ಏನಂತ ಹೇಳ್ತೀರಿ?"

"ಇದು ಆಗಲ್ಲ, ಬೇರೆ ತಗೊಳ್ಳಿ ಅಂತ."

ಅವತ್ತು ಯಜಮಾನರು ಮಧ್ಯಾಹ್ನದ ಊಟವನ್ನು ಅಂಗಡಿಯ ಹತ್ತಿರವೇ ಮುಗಿಸಿಕೊಂಡರು. ರಾತ್ರಿಯದನ್ನೂ.

ತರಗತಿಯಲ್ಲಿ ಇನ್ನೊಂದು ಪೇಚು. ಪಾಠಕ್ಕೆ ಸರಿಯಾಗಿ ಆ ವಾರ ಶಿಲೆಗಳ ಶಿಥಿಲೀಕರಣ ಬರಬೇಕೆ! ಮೇಡಂ ಕಪ್ಪು ಹಲಗೆಯ ಮುಂದೆ ನಿಂತು, "ಬಿಸಿಲು ಮತ್ತು ಚಳಿಯ ಹೊಡೆತಕ್ಕೆ ಸಿಕ್ಕಿ ಬಂಡೆಯ ಹೊರಪದರ ಈರುಳ್ಳಿ ಸಿಪ್ಪೆಯ ಹಾಗೆ ಕಳಚಿಕೊಳ್ಳುತ್ತದೆ. ಒಂದು ಪದರ ಹೋದ ಮೇಲೆ ಒಳಗಿನದು..." ಎಂದು ವಿವರಿಸುತ್ತ ತಲೆ ಬಗ್ಗಿಸಿದರು. ಬಿಚ್ಚಿಟ್ಟ ಭೂಪಟದ ಪುಸ್ತಕದ ಮೇಲೆ, ನೀಲಿ ಸಮುದ್ರದ ನಡುವೆ, ಎರಡು ಮೂರು ಹೊಸ ದ್ವೀಪಗಳು ಬಿದ್ದಿದ್ದವು. ಅವರು ಊದಿ ಹಾರಿಸುವ ಮೊದಲೇ ಮುಂದಿನ ಬೆಂಚಿನ ಹುಡುಗಿ ನೋಡಿಬಿಟ್ಟಿದ್ದಳು. ಒಳ್ಳೆಯ ಹುಡುಗಿ, ತಮಾಷೆ ಮಾಡುವವಳಲ್ಲ. ಅವಳು ಮೇಡಂ ಮುಖವನ್ನೇ ಕನಿಕರದಿಂದ ನೋಡುತ್ತ ಕೈ ಎತ್ತಿ ಕೇಳಿದಳು:

"ಮೇಡಂ, ಬಂಡೆಗೆ ಉರಿಯುತ್ತಾ?"

ಮನೆಗೆ ಬಂದರೆ ನಾದಿನಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ಅತ್ತಿಗೆಯ ಮುಖ ನೋಡಿ ಧಡಕ್ಕನೆ ಎದ್ದಳು. "ಅತ್ತಿಗೆ, ದಿನದಿನಕ್ಕೂ ಹೆಚ್ಚಾಗ್ತಿದೆಯಲ್ಲ! ಏನು ಹಚ್ಚಿದ್ರಿ ಹೇಳಿ."

"ಏನೂ ಇಲ್ಲ ಕಣೇ. ಬಿಸಿಲು. ಮಕ್ಕಳ ಆಟದ ಪೀರಿಯಡ್ಡಿಗೆ ನಿಂತಿದ್ದೆ."

"ಸ್ವಲ್ಪ ನನ್ನ ಕ್ರೀಮು ಹಚ್ಚಿ. ತಂಪಾಗುತ್ತೆ. ತಗೊಳ್ಳಿ, ನಾನೇ ಹಚ್ಚಲಾ?"

ಅವಳು ನಿಜವಾಗಿಯೂ ಮರುಗಿ ಕೇಳಿದ್ದಳು. ಅದನ್ನೇ ಮೇಡಂಗೆ ತಡೆದುಕೊಳ್ಳಲಾಗಲಿಲ್ಲ. ಚೆಂದದಲ್ಲಿ ಗೆದ್ದದ್ದು ಸಾಲದೆ ಒಳ್ಳೆಯತನದಲ್ಲೂ ಇವಳೇ ಗೆಲ್ಲಬೇಕೆ? "ಬೇಡ," ಎಂದು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸಪ್ಪಳವಾಗುವಂತೆ ಜೋಡಿಸಿದರು.

ಪಾತ್ರೆ ಜೋಡಿಸುವಾಗಲೇ ಅವರಿಗೆ ಆ ಯೋಚನೆ ಬಂದದ್ದು. ಕೆಟ್ಟ ಯೋಚನೆ. ಆದರೆ ಎಷ್ಟು ಸಲೀಸಾದದ್ದು! ಶನಿವಾರ ಮಧ್ಯಾಹ್ನ ನಾದಿನಿ ಬಚ್ಚಲಿನ ರಿಪೇರಿ ನೋಡಲು ತನ್ನ ಮನೆಗೆ ಹೋದಳು. ಮೇಡಂ ಬಾಗಿಲಿಗೆ ಚಿಲಕ ಹಾಕಿ ಎರಡೂ ಕ್ರೀಮುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತರು. ಎರಡೂ ಬಿಳಿ, ಎರಡೂ ಒಂದೇ ಹದ, ವಾಸನೆಯೂ ಹೆಚ್ಚುಕಡಿಮೆ ಒಂದೇ. ಚಮಚದ ಹಿಡಿಯಿಂದ ನಾದಿನಿಯ ಪೆಪ್ಟೈಡನ್ನು ಪೂರ್ತಿ ಬಳಿದು ಖಾಲಿ ಉಪ್ಪಿನ ಬಟ್ಟಲಿಗೆ ಹಾಕಿದರು. ಆ ಡಬ್ಬಿಗೆ ತಮ್ಮ ರೆಟಿನಾಲ್ ತುಂಬಿ, ಮೇಲೆ ಚೆಂದವಾಗಿ ಸುಳಿ ತಿರುವಿ, ಮುಚ್ಚಳ ಹಾಕಿದರು. ತಮ್ಮ ಡಬ್ಬಿಗೆ ನಾದಿನಿಯ ಪೆಪ್ಟೈಡು ಹೋಯಿತು. ಕೂಟಕ್ಕೆ ಇನ್ನು ಸ್ವಲ್ಪವೇ ದಿನ ಉಳಿದಿತ್ತು. ಅವಳಿಗೂ ಒಂದಿಷ್ಟು ಹೊಟ್ಟು ಏಳಲಿ, ಅಷ್ಟೇ. ಫೋಟೋದಲ್ಲಿ ಇಬ್ಬರೂ ಒಂದೇ ತರಗತಿಯವರು ಎಂದು ಗೊತ್ತಾದರೆ ಸಾಕು, ಬೇರೆ ದ್ವೇಷವೇನಿಲ್ಲ ಎಂದು ಮೇಡಂ ತಮಗೆ ತಾವೇ ವಕಾಲತ್ತು ವಹಿಸಿಕೊಂಡರು.

ಆಮೇಲಿನ ದಿನಗಳಲ್ಲಿ ಅವರು ಬೆಳಿಗ್ಗೆ ಎದ್ದ ಕೂಡಲೇ ಸ್ವಂತ ಮುಖ ನೋಡಿಕೊಳ್ಳುವುದನ್ನು ಬಿಟ್ಟು ನಾದಿನಿಯ ಮುಖ ನೋಡತೊಡಗಿದರು. ಚಹಾ ಕೊಡುವ ನೆಪದಲ್ಲಿ ಹತ್ತಿರ ಬಗ್ಗುವರು. ಕನ್ನಡಕ ಹುಡುಕುವ ನೆಪದಲ್ಲಿ ಪಕ್ಕಕ್ಕೆ ಸರಿದು ಕೂರುವರು. ಕೆಂಪು ಬಂತೇ? ಇಲ್ಲ. ಸಿಪ್ಪೆ? ಇಲ್ಲ. ಬದಲಿಗೆ ಬೇರೇನೋ ಆಗುತ್ತಿತ್ತು. ಅಲ್ಲಲ್ಲಿ ಇದ್ದ ಸಣ್ಣ ಮಚ್ಚೆಗಳು ಮಂಕಾದವು. ಚರ್ಮದ ಮೇಲೆ ಒಂದು ಹೊಳಪು, ಈಗಷ್ಟೇ ತೊಳೆದಿಟ್ಟ ಗಾಜಿನ ಲೋಟದಂತೆ. ಒಂದು ಸಂಜೆ ಅವಳು ಕೆನ್ನೆ ಮುಟ್ಟಿಕೊಳ್ಳುತ್ತ ಹೇಳಿದಳು:

"ಅತ್ತಿಗೆ, ಇಷ್ಟು ದಿನ ನನ್ನ ಪೆಪ್ಟೈಡು ಹೀಗೆ ಕೆಲಸ ಮಾಡಿರಲಿಲ್ಲ! ಈಚೀಚೆಗೆ ಏನೋ ಜಾದೂ ಆದ ಹಾಗಿದೆ. ಹೋಟೆಲಲ್ಲಿ ಎಲ್ಲರೂ ಕೇಳ್ತಿದ್ದಾರೆ."

"ಹೌದಾ?" ಎಂದರು ಮೇಡಂ. ಒಳಗೆ ಏನೋ ಮುರಿದ ಸದ್ದಾಯಿತು. ಎಂಥ ಅನ್ಯಾಯ ನೋಡಿ! ಆ ಹೊಳಪು ತಮ್ಮದು. ತಾವು ತಂದದ್ದು, ತಾವು ತುಂಬಿದ್ದು, ಸುಳಿ ತಿರುವಿದ್ದೂ ತಾವೇ. "ಅದು ನನ್ನ ರೆಟಿನಾಲ್ ಕಣೇ" ಎಂದು ಕೂಗಿ ಹೇಳಿ ಹಕ್ಕು ಸಾಧಿಸುವ ಹಾಗಿಲ್ಲ. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಪ್ರಾಣ ಹೋಗುತ್ತದೆ. ಇನ್ನೊಂದು ವಿಚಿತ್ರವೆಂದರೆ, ಮೇಡಂ ಅವರ ಉರಿಯೂ ಇಳಿಯತೊಡಗಿತ್ತು. ಕದ್ದ ಪೆಪ್ಟೈಡು ಅವರ ಒಣ ಚರ್ಮಕ್ಕೆ ತಾಯಿಯಂತೆ ಒಗ್ಗಿತ್ತು. ಬುದ್ಧಿ ಮಾಡಬೇಕಾಗಿದ್ದ ಆಯ್ಕೆಯನ್ನು ಹೊಟ್ಟೆಕಿಚ್ಚು ಮಾಡಿ ಮುಗಿಸಿತ್ತು. ಆದರೆ ಬೆಂದ ಮುಖ ಮಾಗಲು ಕಾಲ ಬೇಕು. ಕೂಟದ ಭಾನುವಾರ ಅಷ್ಟು ಕಾಲ ಕೊಡಲಿಲ್ಲ.

ಆ ಬೆಳಿಗ್ಗೆ ಮೇಡಂ ಅವರ ಮುಖದ ಕೆಂಪು ಇಳಿದಿತ್ತು, ಹೊಟ್ಟೂ ಉದುರಿ ಮುಗಿದಿತ್ತು. ಆದರೆ ಮುಖ ನೀರು ಬತ್ತಿದ ಕೆರೆಯ ತಳದಂತೆ ಬಿಗಿದು ಬಿರಿದಿತ್ತು. ಅದರ ಮೇಲೆ ಅವರು ಪೌಡರು ಮೆತ್ತಿದರು. ಪೌಡರು ಗೆರೆಗಳಲ್ಲಿ ಇಳಿದು ಕೂತು, ಮೊದಲು ಪೆನ್ಸಿಲಿನಲ್ಲಿದ್ದ ನಕ್ಷೆ ಈಗ ಸೀಮೆಸುಣ್ಣದಲ್ಲಿ ಎದ್ದು ಕಂಡಿತು. ನಾದಿನಿ ಏನೂ ಹಚ್ಚದೆ, ಕೂದಲು ಹಾಗೇ ಬಿಟ್ಟು, ಮೆಟ್ಟಿಲು ಕುಣಿಯುತ್ತ ಇಳಿದು ಬಂದಳು. ಯಜಮಾನರು ಅಂಗಡಿಯ ವ್ಯಾನಿನಲ್ಲಿ ಇಬ್ಬರನ್ನೂ ಶಾಲೆಯ ಗೇಟಿನ ಮುಂದೆ ಇಳಿಸಿ ಸಂಜೆ ಬರುವುದಾಗಿ ಹೇಳಿ ಹೋದರು.

ಸಭಾಂಗಣದ ಬಾಗಿಲಲ್ಲಿ ನೂಕುನುಗ್ಗಲು. ನಾದಿನಿಯನ್ನು ಕಂಡದ್ದೇ ತಡ, ಒಂದು ಹಿಂಡು ಹಳೆಯ ಗೆಳತಿಯರು ಕಿರುಚುತ್ತ ಬಂದು ಅವಳನ್ನು ಹೊತ್ತೊಯ್ದರು. "ಅಯ್ಯೋ ಇವಳು ನೋಡ್ರೇ, ಹಾಗೇ ಇದ್ದಾಳೆ!" "ಏನೇ ತಿಂತೀಯಾ?" ಮೇಡಂ ಹಿಂದೆ ಉಳಿದರು. ಬಾಗಿಲಲ್ಲಿ ಎಲ್ಲರೂ ಅಡ್ಡಾದಿಡ್ಡಿ ನಿಂತಿದ್ದರು. ಅಷ್ಟು ವರ್ಷದ ಅಭ್ಯಾಸ, ಗಂಟಲು ತಾನಾಗಿ ತೆರೆದುಕೊಂಡಿತು:

"ಏನಿದು ಗಲಾಟೆ? ಸಾಲಾಗಿ ನಿಂತ್ಕೊಳ್ಳಿ!"

ಐವತ್ತು ದಾಟಿದ ಗಂಡಸರೂ ಹೆಂಗಸರೂ ತಕ್ಷಣ ಸಾಲಾದರು. ಎದೆಗೆ ರಿಬ್ಬನ್ನು ಚುಚ್ಚಿಕೊಂಡ ಸ್ವಾಗತದ ಹುಡುಗಿಯೊಬ್ಬಳು ಓಡಿ ಬಂದಳು. ಮೇಡಂ ಮುಖವನ್ನು ನೋಡಿದಳು, ಧ್ವನಿಯನ್ನು ಕೇಳಿದ್ದಳು, ಎರಡನ್ನೂ ಕೂಡಿಸಿ ಒಂದು ತೀರ್ಮಾನಕ್ಕೆ ಬಂದಳು.

"ಬನ್ನಿ ಮೇಡಂ, ನಿಧಾನ, ಮೆಟ್ಟಿಲಿದೆ. ನಿವೃತ್ತ ಶಿಕ್ಷಕರಿಗೆ ವೇದಿಕೆ ಮೇಲೆ ಕುರ್ಚಿ ಹಾಕಿದ್ದೀವಿ."

ಮೇಡಂಗೆ ಕಿವಿಯಲ್ಲಿ ಗುಂಯ್ ಎಂದಿತು. ನಾನು ಶಿಕ್ಷಕಿಯೇನೋ ಹೌದು, ಆದರೆ ಈ ಶಾಲೆಯದ್ದಲ್ಲ, ನಿವೃತ್ತಳಂತೂ ಅಲ್ಲ, ಅಗೋ ಅಲ್ಲಿ ಕಿರುಚುತ್ತಿದ್ದಾಳಲ್ಲ ಅವಳ ತರಗತಿಯವಳು ಎಂದು ಹೇಳಬೇಕಿತ್ತು. ಆದರೆ ಹೇಳಿದರೆ ಏನಾಗುತ್ತದೆ? ಹುಡುಗಿ ಒಮ್ಮೆ ನಾದಿನಿಯ ಮುಖ ನೋಡುತ್ತಾಳೆ, ಒಮ್ಮೆ ತಮ್ಮ ಮುಖ ನೋಡುತ್ತಾಳೆ, ಆಮೇಲೆ "ಕ್ಷಮಿಸಿ" ಎನ್ನುತ್ತಾಳೆ. ಆ "ಕ್ಷಮಿಸಿ"ಯನ್ನು ಸಾಲಿನಲ್ಲಿರುವ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೆಟ್ಟಿಲು ಹತ್ತುವುದೇ ವಾಸಿ ಅನ್ನಿಸಿತು. ಮೇಡಂ ಹುಡುಗಿಯ ತೋಳು ಹಿಡಿದು ವೇದಿಕೆ ಹತ್ತಿದರು.

ಅಲ್ಲಿ ಬಗ್ಗಿದ ಬೆನ್ನುಗಳು, ಊರುಗೋಲುಗಳು, ಕಿವಿಯ ಯಂತ್ರಗಳು. ಅವುಗಳ ನಡುವೆ ಖಾಲಿ ಕುರ್ಚಿಯೊಂದರಲ್ಲಿ ಮೇಡಂ ಅವರನ್ನು ಕೂರಿಸಿ ಕೈಗೆ ಹೂಗುಚ್ಛ ಕೊಟ್ಟರು. ಸಭೆ ಚಪ್ಪಾಳೆ ತಟ್ಟಿತು. ನಿರೂಪಕ "ನಮ್ಮನ್ನು ತಿದ್ದಿ ತೀಡಿದ ಹಿರಿಯ ಜೀವಗಳು" ಎಂದ. ಹಿರಿಯ ಜೀವಗಳ ಸಾಲಿನಲ್ಲಿ ಕೂತು ಮೇಡಂ ಹೂಗುಚ್ಛದ ಹಿಂದೆ ಮುಖ ಮರೆಸಿಕೊಂಡರು. ಫೋಟೋದವನು ಬಂದು, "ಗುರುಗಳು ಮುಂದೆ ಕೂತಿರಲಿ, ವಿದ್ಯಾರ್ಥಿಗಳು ಹಿಂದೆ ನಿಂತ್ಕೊಳ್ಳಿ," ಎಂದಾಗ ಇಡೀ ತರಗತಿ ಅವರ ಕುರ್ಚಿಯ ಹಿಂದೆ ಬಂದು ನಿಂತಿತು. ಹಿಂದಿನಿಂದ ನಾದಿನಿ ಬಗ್ಗಿ ಪಿಸುಗುಟ್ಟಿದಳು. "ಅತ್ತಿಗೆ, ಇಲ್ಲಿ ಯಾಕೆ ಕೂತ್ರಿ?"

"ಕಾಲು ನೋವು," ಎಂದರು ಮೇಡಂ, ತುಟಿ ಅಲುಗಿಸದೆ.

ಪಕ್ಕದ ಕುರ್ಚಿಯಲ್ಲಿದ್ದವರು ಗಣಿತದ ಮೇಷ್ಟ್ರು. ಒಂದು ಕಾಲದಲ್ಲಿ ಸೀಮೆಸುಣ್ಣ ಎಸೆದರೆ ಕೊನೆಯ ಬೆಂಚಿನ ಮೂಗಿಗೆ ತಾಗಿಸುತ್ತಿದ್ದವರು. ಅವರು ಮೇಡಂ ಕಡೆ ವಾಲಿ, ಮುಖವನ್ನು ತೀರಾ ಹತ್ತಿರ ತಂದು, ಬಹಳ ಹೊತ್ತು ಪರೀಕ್ಷಿಸಿ ನೋಡಿದರು.

"ತಾವು ಯಾವ ವಿಷಯ ತಗೋತಿದ್ರಿ?"

"ಭೂಗೋಳ," ಎಂದರು ಮೇಡಂ. ಅದಂತೂ ಸುಳ್ಳಲ್ಲವಲ್ಲ.

ಮೇಷ್ಟ್ರ ಮುಖದಲ್ಲಿ ನೆನಪು ಬೆಳಗಿತು. "ಹೌದು ಹೌದು! ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕ ಕೂರ್ತಿದ್ರಿ. ನಾನು ಮರೀತೀನಾ? ಆಗ ಹೇಗಿದ್ರೋ ಹಾಗೇ ಇದ್ದೀರಿ ನೋಡಿ. ನಿಮಗೆ ಒಂಚೂರೂ ವಯಸ್ಸಾಗಿಲ್ಲ!"

ಇಡೀ ತಿಂಗಳು ಮುಖ ಸುಟ್ಟುಕೊಂಡು ಕಾದಿದ್ದ ಮಾತು ಕೊನೆಗೂ ಬಂದಿತ್ತು. ಆ ಕ್ಷಣಕ್ಕೆ ಸರಿಯಾಗಿ ಫೋಟೋದವನು ಗುಂಡಿ ಒತ್ತಿದ. ಫೋಟೋದಲ್ಲಿ ಮೇಡಂ ನಗುತ್ತಿದ್ದಾರೋ ಅಳುತ್ತಿದ್ದಾರೋ ಎನ್ನುವುದರ ಬಗ್ಗೆ ತರಗತಿಯಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ.

ಸಂಜೆ ವ್ಯಾನಿನಲ್ಲಿ ರಬ್ಬರಿನ ವಾಸನೆಯ ನಡುವೆ ಮೂವರೂ ಮನೆಗೆ ಹೊರಟರು. ನಾದಿನಿ ತನಗೆ ಯಾರು ಯಾರು ಏನೇನು ಹೇಳಿದರು ಎಂದು ಅಣ್ಣನಿಗೆ ವರದಿ ಒಪ್ಪಿಸಿ, ಆಮೇಲೆ ನೆನಪಾದವಳಂತೆ ಹಿಂದಕ್ಕೆ ತಿರುಗಿದಳು.

"ಅತ್ತಿಗೆ, ಗಣಿತದ ಮೇಷ್ಟ್ರು ನಿಮ್ಮ ಹತ್ರ ಬಗ್ಗಿ ಏನೋ ಹೇಳ್ತಿದ್ರಲ್ಲ, ಏನು?"

ಮೇಡಂ ಕಿಟಕಿಯಿಂದ ಹೊರಗೆ ನೋಡುತ್ತ, ತೀರಾ ಸಹಜವಾಗಿ, ಮೇಷ್ಟ್ರ ಮಾತಿನ ಕೊನೆಯ ತುಂಡನ್ನಷ್ಟೇ ಮುರಿದು ಕೊಟ್ಟರು. "ಏನಿಲ್ಲ ಬಿಡು. ನಿಮಗೆ ಒಂಚೂರೂ ವಯಸ್ಸಾಗಿಲ್ಲ ಅಂದ್ರು."

"ಮೇಷ್ಟ್ರು? ನಿಮಗೆ?"

"ಹತ್ತಿರದಿಂದ ನೋಡಿ ಹೇಳಿದ್ರು."

ಯಾರಿಗೂ ಒಂದು ಹೊಗಳಿಕೆಯ ಮಾತೂ ಆಡದೆ ಇಡೀ ಜನ್ಮ ಕಳೆದವರು ಆ ಮೇಷ್ಟ್ರು. ನಾದಿನಿ ಮುಂದಕ್ಕೆ ತಿರುಗಿ, ಚೀಲದಿಂದ ಸಣ್ಣ ಕನ್ನಡಿ ತೆಗೆದು ಕೆನ್ನೆಯನ್ನು ಆಚೆ ಈಚೆ ತಿರುಗಿಸಿ ನೋಡಿಕೊಂಡಳು. ಮತ್ತೊಮ್ಮೆ ನೋಡಿಕೊಂಡಳು. ಆ ಹೊಳೆಯುವ ಹಣೆಯ ಮೇಲೆ ಒಂದು ಗೆರೆ, ಒಂದೇ ಒಂದು ಎಳೆಯ ಗೆರೆ, ಮೂಡಿದ್ದನ್ನು ಮೇಡಂ ಹಿಂದಿನ ಸೀಟಿನಿಂದ ಆ ಕನ್ನಡಿಯಲ್ಲೇ ಕಂಡರು. ಅದು ಹೊಟ್ಟೆಕಿಚ್ಚಿನ ಗೆರೆ. ಮೇಡಂಗೆ ಅದರ ಗುರುತು ಚೆನ್ನಾಗಿ ಗೊತ್ತು. ಅವರ ಮೈಯೆಲ್ಲ ತಂಪಾಯಿತು. ಯಾವ ಪೆಪ್ಟೈಡೂ ಕೊಡದ ತಂಪು.

"ಯಾವ ಮೇಷ್ಟ್ರು?" ಎಂದರು ಯಜಮಾನರು. "ದಪ್ಪ ಕನ್ನಡಕದವರಾ? ಪಾಪ, ಅವರಿಗೆ ಕಣ್ಣು ಪೂರ್ತಿ ಹೋಗಿದೆ. ಹೋದ ವಾರ ಮಗನ ಕಾರಿನ ಜೊತೆ ನಮ್ಮ ಅಂಗಡಿಗೆ ಬಂದಿದ್ರು. ಬಾಗಿಲಲ್ಲಿ ಹಳೇ ಟೈರು ಒಂದರ ಮೇಲೊಂದು ಜೋಡಿಸಿಟ್ಟಿದ್ದೆ. ಅದನ್ನೇ ನಾನು ಅಂದ್ಕೊಂಡು ಅದರ ಹತ್ರ ನಿಂತು, ಮನೇಲಿ ಎಲ್ಲ ಚೆನ್ನಾಗಿದ್ದಾರಾ, ವ್ಯಾಪಾರ ಹೇಗಿದೆ ಅಂತ ಬಹಳ ಹೊತ್ತು ಮಾತಾಡಿದ್ರು."

ಮುಂದಿನ ಸೀಟಿನಲ್ಲಿ ಕನ್ನಡಿ ಮುಚ್ಚಿದ ಸದ್ದಾಯಿತು. ನಾದಿನಿಯ ಭುಜ ಕುಲುಕತೊಡಗಿತು.

ಮೇಡಂ ಅಷ್ಟು ಸುಲಭವಾಗಿ ಬಿಟ್ಟುಕೊಡುವವರಲ್ಲ. "ಮಾತಾಡಿರಬಹುದು," ಎಂದರು ಬಿಗಿಯಾಗಿ. "ಆದ್ರೆ ಟೈರಿಗೇನೂ ನಿಮಗೆ ವಯಸ್ಸೇ ಆಗಿಲ್ಲ ಅಂತ ಹೇಳಲಿಲ್ಲವಲ್ಲ?"

ಯಜಮಾನರು ಗೇರು ಬದಲಿಸಿದರು.

"ಹೇಳಿದ್ರು," ಎಂದರು.